ಪುಟ್ಟ ರೂಟರ್ ಸಿಕ್ಕಿಸಿದರೆ ಇಡೀ ಮನೆಗೆ ವಿಪಿಎನ್ ರಕ್ಷಣೆ: ಈ ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

ನಿಮ್ಮ ಕುಟುಂಬದ ವಾಟ್ಸ್‌ಆಪ್ ಗುಂಪಿಗೂ ಈ ಬಗೆಯ ಸಂದೇಶ ಬಂದಿರಬಹುದು. ಅಂಗೈಯಲ್ಲಿ ಹಿಡಿಸುವ ಒಂದು ಪುಟ್ಟ ಪೆಟ್ಟಿಗೆಯ ಚಿತ್ರ. ಅದನ್ನು ಮನೆಯ ವೈಫೈ ರೂಟರ್‌ಗೆ ಸಿಕ್ಕಿಸಿದರೆ ಸಾಕು, ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲವೂ ವಿಪಿಎನ್ ಒಳಗೆ ಬಂದುಬಿಡುತ್ತವೆ ಎಂಬ ವಿವರಣೆ. ಆಮೇಲೆ ನಿಮ್ಮನ್ನು ಯಾರೂ ಹ್ಯಾಕ್ ಮಾಡಲಾರರು, ಬ್ಯಾಂಕ್ ಖಾತೆ ಭದ್ರ, ನೀವು ಯಾರು ಎಲ್ಲಿದ್ದೀರಿ ಎಂದು ಪೊಲೀಸರಿಗೂ ಗೊತ್ತಾಗದು ಎಂಬ ಭರವಸೆ. ಕೊನೆಯಲ್ಲಿ ಎಂದಿನಂತೆ, ‘ನಿಮ್ಮವರಿಗೆಲ್ಲ ಕಳಿಸಿ’.

ಆ ಪೆಟ್ಟಿಗೆ ಸುಳ್ಳಲ್ಲ. ಅದರ ಹೆಸರು ಟ್ರಾವೆಲ್ ರೂಟರ್. ಅದನ್ನು ಮನೆಯಲ್ಲಿ ಎರಡನೇ ರೂಟರ್ ಆಗಿ ಇಟ್ಟು, ಅದಕ್ಕೆ ಸೇರಿದ ಸಾಧನಗಳನ್ನೆಲ್ಲ ವಿಪಿಎನ್ ಮೂಲಕ ಕಳಿಸುವುದು ಸಾಧ್ಯ. ತಂತ್ರಜ್ಞಾನ ಬಲ್ಲ ಅನೇಕರು ಹಾಗೆ ಮಾಡುತ್ತಾರೆ ಕೂಡ. ಅಂದರೆ ಸಂದೇಶದ ಮೊದಲರ್ಧ ನಿಜ. ತೊಂದರೆ ಇರುವುದು ಉಳಿದರ್ಧದಲ್ಲಿ. ಅದನ್ನು ನಂಬಿ ಕೆಲವು ಸಾವಿರ ರೂಪಾಯಿ ಖರ್ಚು ಮಾಡಿದರೆ ಹೋಗುವುದು ಆ ಹಣ ಮಾತ್ರ. ಆದರೆ ‘ಇನ್ನು ನಾವು ಸುರಕ್ಷಿತ’ ಎಂದು ಎಚ್ಚರ ತಪ್ಪಿದರೆ ಹೋಗುವುದು ಅದಕ್ಕಿಂತ ಬಹಳ ದೊಡ್ಡ ಮೊತ್ತವಾಗಿರಬಹುದು. ಹಾಗಾಗಿ ಈ ಪೆಟ್ಟಿಗೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಬಿಡಿಸಿ ನೋಡೋಣ.

ವಿಪಿಎನ್ ಎಂದರೆ ಲಕೋಟೆಯೊಳಗೊಂದು ಲಕೋಟೆ

ನೀವು ತೀರ್ಥಹಳ್ಳಿಯಿಂದ ಹುಬ್ಬಳ್ಳಿಯ ನೆಂಟರಿಗೆ ಕಾಗದ ಬರೆಯುತ್ತೀರಿ ಎಂದುಕೊಳ್ಳಿ. ಲಕೋಟೆ ಅಂಟಿಸಿದ್ದರೆ ಒಳಗೇನಿದೆ ಎಂದು ಅಂಚೆಯವರಿಗೆ ತಿಳಿಯದು. ಆದರೆ ಯಾರಿಗೆ ಬರೆದಿರಿ, ಎಷ್ಟು ಸಲ ಬರೆದಿರಿ, ಎಷ್ಟು ದಪ್ಪದ ಕಾಗದ ಎಂಬುದು ಮೇಲಿನಿಂದಲೇ ಕಾಣುತ್ತದೆ.

ಇಂದಿನ ಇಂಟರ್ನೆಟ್ ಹೆಚ್ಚುಕಡಿಮೆ ಹೀಗೆಯೇ ಇದೆ. ಎಚ್‌ಟಿಟಿಪಿಎಸ್ ಬಳಸುವ ಜಾಲತಾಣಗಳ ಜೊತೆ ನಾವು ನಡೆಸುವ ವ್ಯವಹಾರ ಅಂಟಿಸಿದ ಲಕೋಟೆಯಂತೆ. ನೀವು ಒಂದು ಆಸ್ಪತ್ರೆಯ ಜಾಲತಾಣಕ್ಕೆ ಹೋದರೆ, ಅಲ್ಲಿ ಯಾವ ಪುಟ ಓದಿದಿರಿ, ಯಾವ ವೈದ್ಯರ ಸಮಯ ಕೇಳಿದಿರಿ ಎಂಬುದು ನಿಮ್ಮ ಇಂಟರ್ನೆಟ್ ಕಂಪನಿಗೆ ಕಾಣುವುದಿಲ್ಲ. ಆದರೆ ಆ ಆಸ್ಪತ್ರೆಯ ತಾಣಕ್ಕೆ ಹೋದಿರಿ ಎಂಬುದು, ಹೋದ ಹೊತ್ತು, ಬಳಸಿದ ಡೇಟಾ ಎಷ್ಟು ಎಂಬುದು ಸಾಮಾನ್ಯವಾಗಿ ಕಾಣುತ್ತದೆ.

ಈಗ ನೀವು ಹುಬ್ಬಳ್ಳಿಯ ಲಕೋಟೆಯನ್ನು ಇನ್ನೊಂದು ದೊಡ್ಡ ಲಕೋಟೆಯೊಳಗೆ ಹಾಕಿ, ಅದರ ಮೇಲೆ ಬೆಳಗಾವಿಯ ಒಬ್ಬ ಏಜೆಂಟರ ವಿಳಾಸ ಬರೆಯುತ್ತೀರಿ. ಅವರು ಹೊರಗಿನ ಲಕೋಟೆ ಒಡೆದು, ಒಳಗಿನದನ್ನು ತಮ್ಮ ಊರಿನಿಂದ ಹುಬ್ಬಳ್ಳಿಗೆ ಅಂಚೆಗೆ ಹಾಕುತ್ತಾರೆ. ತೀರ್ಥಹಳ್ಳಿಯ ಅಂಚೆಯವರಿಗೆ ಕಾಣುವುದು ಬೆಳಗಾವಿಯ ವಿಳಾಸ ಮಾತ್ರ. ಹುಬ್ಬಳ್ಳಿಯವರಿಗೆ ಲಕೋಟೆಯ ಮೇಲೆ ಕಾಣುವುದೂ ಬೆಳಗಾವಿಯ ಮುದ್ರೆಯೇ. ವಿಪಿಎನ್ ಮಾಡುವುದು ಇಷ್ಟೇ. ನಿಮ್ಮ ಸಾಧನದಿಂದ ವಿಪಿಎನ್ ಕಂಪನಿಯ ಸರ್ವರ್‌ವರೆಗೆ ಎನ್‌ಕ್ರಿಪ್ಟ್ ಆದ ಒಂದು ಸುರಂಗ. ಅಲ್ಲಿಂದ ಮುಂದೆ ಎಂದಿನ ದಾರಿ.

ಈ ಕಥೆಯಲ್ಲಿ ಒಬ್ಬರಿಗೆ ಮಾತ್ರ ಎರಡೂ ಕಡೆಯ ವಿಳಾಸ ಗೊತ್ತು: ಬೆಳಗಾವಿಯ ಏಜೆಂಟರಿಗೆ. ಮುಂದಿನ ಎಲ್ಲ ಚರ್ಚೆಯೂ ಈ ಒಂದು ಮಾತಿನ ಸುತ್ತಲೇ ತಿರುಗುತ್ತದೆ. ನೋಡುವವರ ಜಾಗ ಬದಲಾಗಿದೆ. ಮೊದಲು ಇಂಟರ್ನೆಟ್ ಕಂಪನಿ ನೋಡಬಹುದಾಗಿದ್ದನ್ನು ಈಗ ವಿಪಿಎನ್ ಕಂಪನಿ ನೋಡಬಹುದು.

ಪ್ರಯಾಣದ ಪೆಟ್ಟಿಗೆ ಮನೆಗೆ ಬಂದದ್ದೇಕೆ?

ಟ್ರಾವೆಲ್ ರೂಟರ್ ಹುಟ್ಟಿದ್ದು ಹೋಟೆಲ್ ಕೋಣೆಗಾಗಿ. ಹೋಟೆಲ್ ವೈಫೈಗೆ ಪ್ರತಿ ಫೋನನ್ನೂ ಬೇರೆ ಬೇರೆಯಾಗಿ ಲಾಗಿನ್ ಮಾಡಿಸುವ ಬದಲು, ಈ ಪೆಟ್ಟಿಗೆಯನ್ನು ಒಮ್ಮೆ ಸೇರಿಸಿದರೆ ಅದು ನಿಮ್ಮದೇ ಹೆಸರಿನ ಚಿಕ್ಕ ವೈಫೈ ಹಬ್ಬಿಸುತ್ತದೆ. ಯುಎಸ್‌ಬಿ ಚಾರ್ಜರ್‌ನಲ್ಲಿ, ಅಗತ್ಯ ಬಿದ್ದರೆ ಪವರ್ ಬ್ಯಾಂಕ್‌ನಲ್ಲೂ ಓಡುತ್ತದೆ. ಜಿಎಲ್ ಐನೆಟ್, ಟಿಪಿ-ಲಿಂಕ್ ಮುಂತಾದ ಕಂಪನಿಗಳು ಇವನ್ನು ತಯಾರಿಸುತ್ತವೆ. ಹಲವು ಮಾದರಿಗಳಲ್ಲಿ ವಿಪಿಎನ್ ಸಂಪರ್ಕ ಮಾಡುವ ತಂತ್ರಾಂಶ ಮೊದಲೇ ಇರುತ್ತದೆ. ಉದಾಹರಣೆಗೆ ಜಿಎಲ್ ಐನೆಟ್ ರೂಟರ್‌ಗಳು ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶದ ಮೇಲೆ ಕಟ್ಟಿದವು.

ಮನೆಯಲ್ಲಿ ಇದರ ಉಪಯೋಗವೇನು? ಫೋನು, ಲ್ಯಾಪ್‌ಟಾಪ್‌ಗಳಿಗೆ ವಿಪಿಎನ್ ಆಪ್ ಹಾಕಿಕೊಳ್ಳಬಹುದು. ಆದರೆ ಹಲವು ಸ್ಮಾರ್ಟ್ ಟಿವಿ, ಗೇಮ್ ಕನ್ಸೋಲ್, ಕ್ಯಾಮೆರಾ, ಸ್ಮಾರ್ಟ್ ಸ್ಪೀಕರ್‌ಗಳಿಗೆ ಅಂಥ ಆಪ್ ಇಲ್ಲ. ಇಂಟರ್ನೆಟ್ ಕಂಪನಿ ಕೊಟ್ಟ ಮುಖ್ಯ ರೂಟರ್‌ನಲ್ಲಿ ವಿಪಿಎನ್ ಸೌಲಭ್ಯ ಬಹುತೇಕ ಇರುವುದಿಲ್ಲ, ಅದರ ತಂತ್ರಾಂಶ ಬದಲಿಸಲು ಬಿಡುವುದೂ ಇಲ್ಲ. ಅದನ್ನು ಮುಟ್ಟದೆ, ಅದರ ಹಿಂದೆ ನಮ್ಮದೇ ಪುಟ್ಟ ರೂಟರ್ ಇಟ್ಟು, ಬೇಕಾದ ಸಾಧನಗಳನ್ನು ಮಾತ್ರ ಅದಕ್ಕೆ ಸೇರಿಸುವುದು ಅಚ್ಚುಕಟ್ಟಾದ ದಾರಿ. ಏನಾದರೂ ಕೆಟ್ಟರೆ ಪೆಟ್ಟಿಗೆಯ ಪ್ಲಗ್ ಕಿತ್ತರಾಯಿತು, ಮನೆಯ ಮೂಲ ವೈಫೈ ಇದ್ದಂತೆಯೇ ಇರುತ್ತದೆ.

ಜೋಡಣೆ ಹೇಗೆ?

ಮುಖ್ಯ ರೂಟರ್‌ನ ಲ್ಯಾನ್ ಪೋರ್ಟ್‌ನಿಂದ ಪುಟ್ಟ ರೂಟರ್‌ನ ವ್ಯಾನ್ ಪೋರ್ಟ್‌ಗೆ ಒಂದು ಈಥರ್ನೆಟ್ ಕೇಬಲ್ ಹಾಕಬೇಕು. ಕೇಬಲ್ ಇಲ್ಲದೆ ವೈಫೈ ಮೂಲಕವೂ ಸೇರಿಸಬಹುದು, ಆದರೆ ಆಗ ಅದೇ ರೇಡಿಯೋ ಎರಡೂ ಕಡೆ ಮಾತಾಡಬೇಕಾದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕೇಬಲ್ ಇದ್ದರೆ ಅದೇ ಒಳ್ಳೆಯದು.

ಎರಡೂ ರೂಟರ್‌ಗಳ ಒಳ ವಿಳಾಸಗಳ ಸಾಲು ಒಂದೇ ಆಗಿರಬಾರದು. ಮುಖ್ಯ ರೂಟರ್ 192.168.1.1 ಎಂದಿದ್ದರೆ ಪುಟ್ಟದ್ದು 192.168.8.1 ಎಂಬಂತೆ ಬೇರೆ ಇರಬೇಕು. ಒಂದೇ ಬೀದಿಯಲ್ಲಿ ಒಂದೇ ಸಂಖ್ಯೆಯ ಎರಡು ಮನೆಗಳಿದ್ದರೆ ಕಾಗದ ಎಲ್ಲಿಗೆ ಹೋಗಬೇಕು? ‘ಕೇಬಲ್ ಹಾಕಿದರೂ ಇಂಟರ್ನೆಟ್ ಬರುತ್ತಿಲ್ಲ’ ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಈ ಗೊಂದಲವೇ.

ಆಮೇಲೆ ವಿಪಿಎನ್ ಕಂಪನಿ ಕೊಡುವ ಸೆಟ್ಟಿಂಗ್ ಫೈಲನ್ನು ಪುಟ್ಟ ರೂಟರ್‌ಗೆ ಹಾಕಬೇಕು. ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. 2001ರಿಂದ ಇರುವ ಓಪನ್‌ವಿಪಿಎನ್ ಒಂದು. 2020ರ ಮಾರ್ಚ್‌ನಲ್ಲಿ ಲಿನಕ್ಸ್‌ನ ತಿರುಳಿಗೇ ಸೇರಿಕೊಂಡ ವೈರ್‌ಗಾರ್ಡ್ ಇನ್ನೊಂದು. ಸಣ್ಣ ಪ್ರೊಸೆಸರ್ ಇರುವ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ವೈರ್‌ಗಾರ್ಡ್ ಹೆಚ್ಚು ಚುರುಕು.

ಕೊನೆಯದಾಗಿ ‘ಕಿಲ್ ಸ್ವಿಚ್’ ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಸುರಂಗ ಕಡಿದುಹೋದಾಗ ಮಾಹಿತಿ ಎಂದಿನ ದಾರಿಯಲ್ಲಿ ಸದ್ದಿಲ್ಲದೆ ಹೊರಹೋಗದಂತೆ ಅದು ತಡೆಯುತ್ತದೆ. ಇದು ಆನ್ ಇಲ್ಲದಿದ್ದರೆ ವಿಪಿಎನ್ ನಿಂತದ್ದು ನಿಮಗೆ ಗೊತ್ತೇ ಆಗದಿರಬಹುದು, ಏಕೆಂದರೆ ಇಂಟರ್ನೆಟ್ ಓಡುತ್ತಲೇ ಇರುತ್ತದೆ.

ಎರಡು ವೈಫೈ, ಎರಡು ಕೋಣೆ

ಈಗ ಮನೆಯಲ್ಲಿ ಎರಡು ವೈಫೈ ಹೆಸರುಗಳು ಕಾಣುತ್ತವೆ. ಪುಟ್ಟ ರೂಟರ್‌ನ ವೈಫೈಗೆ ಸೇರಿದ ಸಾಧನಗಳು ಮಾತ್ರ ಸುರಂಗದಲ್ಲಿ ಹೋಗುತ್ತವೆ. ಮುಖ್ಯ ವೈಫೈಯಲ್ಲಿ ಉಳಿದವು ಮೊದಲಿನಂತೆಯೇ. ‘ಇಡೀ ಮನೆಗೆ ರಕ್ಷಣೆ’ ಎಂಬ ಮಾತು ಇಲ್ಲಿಯೇ ಅರ್ಧ ಬಿದ್ದುಹೋಗುತ್ತದೆ.

ಈ ಎರಡು ವೈಫೈಗಳು ಪಕ್ಕದ ಎರಡು ಕೋಣೆಗಳಿದ್ದಂತೆ. ಮುಖ್ಯ ವೈಫೈಯಲ್ಲಿರುವ ಫೋನಿನಿಂದ ಪುಟ್ಟ ರೂಟರ್‌ನ ಹಿಂದಿರುವ ಟಿವಿಗೆ ವಿಡಿಯೋ ಕ್ಯಾಸ್ಟ್ ಮಾಡಲು ಹೋದರೆ ಟಿವಿ ಕಾಣಿಸುವುದೇ ಇಲ್ಲ. ಪ್ರಿಂಟರ್ ಕಥೆಯೂ ಅಷ್ಟೆ. ಪರಸ್ಪರ ಮಾತಾಡಬೇಕಾದವು ಒಂದೇ ಕೋಣೆಯಲ್ಲಿರಬೇಕು.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ‘ಕಡಿಮೆ ಬೆಲೆಯ ಕ್ಯಾಮೆರಾವನ್ನು ಪುಟ್ಟ ರೂಟರ್‌ಗೆ ಹಾಕಿದರೆ ಅದು ಬೇರೆಯಾಗಿಯೇ ಉಳಿಯುತ್ತದೆ, ಮನೆಯ ಉಳಿದ ಸಾಧನಗಳು ಸುರಕ್ಷಿತ’ ಎಂದು ಕೆಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಬಾಗಿಲು ಒಂದು ಕಡೆಗೆ ಮಾತ್ರ ಮುಚ್ಚಿರುತ್ತದೆ. ಮುಖ್ಯ ವೈಫೈಯಲ್ಲಿರುವವು ತಾವಾಗಿ ಪುಟ್ಟ ರೂಟರ್‌ನ ಒಳಗೆ ಬರಲಾರವು. ಆದರೆ ಒಳಗಿರುವ ಸಾಧನ ಹೊರಗಿನ ಮುಖ್ಯ ವೈಫೈಯ ಸಾಧನಗಳನ್ನು ಮುಟ್ಟಬಹುದೇ ಎಂಬುದು ರೂಟರ್‌ನ ಸೆಟ್ಟಿಂಗ್ ಮೇಲೆ ನಿಂತಿದೆ. ನಂಬಿಕೆಯಿಲ್ಲದ ಕ್ಯಾಮೆರಾವನ್ನು ದೂರ ಇಡುವುದೇ ಉದ್ದೇಶವಾದರೆ ಮುಖ್ಯ ರೂಟರ್‌ನ ‘ಗೆಸ್ಟ್’ ವೈಫೈ ಹೆಚ್ಚು ಸುಲಭದ ಉಪಾಯ. ಅದಕ್ಕೆ ಹೊಸ ಪೆಟ್ಟಿಗೆ ಬೇಡ.

ಸುರಂಗ ಸೋರುವ ಜಾಗಗಳು

ಎಲ್ಲವನ್ನೂ ಸರಿಯಾಗಿ ಜೋಡಿಸಿದ ಮೇಲೂ ನಾಲ್ಕು ಕಡೆ ಗಮನವಿಡಬೇಕು.

ಮೊದಲನೆಯದು ಮೊಬೈಲ್ ಡೇಟಾ. ವೈಫೈ ಸಿಗ್ನಲ್ ಸ್ವಲ್ಪ ಕುಗ್ಗಿದರೆ ಫೋನು ತಾನೇ ಸಿಮ್ ಡೇಟಾಗೆ ಜಿಗಿಯುತ್ತದೆ. ಆ ಕ್ಷಣದಿಂದ ಮನೆಯ ರೂಟರ್‌ಗೂ ಅದಕ್ಕೂ ಸಂಬಂಧವಿಲ್ಲ. ಮನೆಯಿಂದ ಹೊರಗೆ ಕಾಲಿಟ್ಟಾಗಲೂ ಹಾಗೆಯೇ.

ಎರಡನೆಯದು ಕರೆಂಟು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದರೆ ಎರಡು ರೂಟರ್‌ಗಳಲ್ಲಿ ಯಾವುದು ಮೊದಲು ಎದ್ದು ನಿಲ್ಲುತ್ತದೋ ಅದರ ವೈಫೈಯನ್ನು ಫೋನು, ಟಿವಿಗಳು ಹಿಡಿದುಕೊಳ್ಳುತ್ತವೆ. ಟಿವಿಯಲ್ಲಿ ಮುಖ್ಯ ವೈಫೈಯ ಪಾಸ್‌ವರ್ಡ್ ನೆನಪಿದ್ದರೆ ಅದು ವಿಪಿಎನ್ ಹೊರಗೆ ಹೋಗಿ ಕೂರುತ್ತದೆ. ಹಾಗಾಗಿ ಸುರಂಗದಲ್ಲಿರಬೇಕಾದ ಸಾಧನಗಳಲ್ಲಿ ಮುಖ್ಯ ವೈಫೈಯನ್ನು ‘ಫರ್ಗೆಟ್’ ಮಾಡಿಡುವುದು ಒಳಿತು.

ಮೂರನೆಯದು ಡಿಎನ್‌ಎಸ್. ಜಾಲತಾಣದ ಹೆಸರು ಕೊಟ್ಟರೆ ಅದರ ಸಂಖ್ಯೆಯ ವಿಳಾಸ ಹುಡುಕಿಕೊಡುವ ದೂರವಾಣಿ ಪುಸ್ತಕ ಇದು. ನೀವು ಆ ಪ್ರಶ್ನೆಯನ್ನು ಇನ್ನೂ ನಿಮ್ಮ ಇಂಟರ್ನೆಟ್ ಕಂಪನಿಯನ್ನೇ ಕೇಳುತ್ತಿದ್ದರೆ, ಸುರಂಗದಲ್ಲಿ ಹೋದರೂ ಹೋಗುವ ಜಾಗವನ್ನು ಕೂಗಿ ಹೇಳಿದಂತೆ. ವಿಪಿಎನ್‌ನ ಡಿಎನ್‌ಎಸ್ ಅನ್ನೇ ಬಳಸುವಂತೆ ರೂಟರ್‌ನಲ್ಲಿ ಹೇಳಬೇಕು.

ನಾಲ್ಕನೆಯದು ಐಪಿವಿ6. ಈಗಿನ ಅನೇಕ ಸಂಪರ್ಕಗಳಲ್ಲಿ ಹಳೆಯ ಬಗೆಯ ವಿಳಾಸದ ಜೊತೆ ಹೊಸ ಬಗೆಯ ಐಪಿವಿ6 ವಿಳಾಸವೂ ಇರುತ್ತದೆ. ವಿಪಿಎನ್ ಹಳೆಯದನ್ನು ಮಾತ್ರ ಒಯ್ಯುತ್ತಿದ್ದು, ರೂಟರ್ ಹೊಸದನ್ನೂ ಹೊರಬಿಡುತ್ತಿದ್ದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಗುತ್ತದೆ.

ವೇಗದ ಲೆಕ್ಕ

‘ವಿಪಿಎನ್ ಹಾಕಿದರೆ ಇಂಟರ್ನೆಟ್ ವೇಗ ಹೆಚ್ಚುತ್ತದೆ’ ಎಂಬುದೂ ಫಾರ್ವರ್ಡ್‌ಗಳಲ್ಲಿ ಬರುವ ಮಾತು. ಇಂಟರ್ನೆಟ್ ಕಂಪನಿ ಒಂದು ನಿರ್ದಿಷ್ಟ ಸೇವೆಯ ವೇಗವನ್ನು ಬೇಕೆಂದೇ ತಗ್ಗಿಸುತ್ತಿದ್ದರೆ ಸ್ವಲ್ಪ ಲಾಭವಾಗಬಹುದು. ಉಳಿದಂತೆ ವೇಗ ಇಳಿಯುತ್ತದೆ, ಅದಕ್ಕೆ ಎರಡು ಕಾರಣಗಳಿವೆ.

ಒಂದು, ಪುಟ್ಟ ಪೆಟ್ಟಿಗೆಯ ಪ್ರೊಸೆಸರ್. ಇಡೀ ಮನೆಯ ಡೇಟಾವನ್ನು ಅದೊಂದೇ ಎನ್‌ಕ್ರಿಪ್ಟ್ ಮಾಡಬೇಕು. ಅತಿ ಅಗ್ಗದ ಮಾದರಿಗಳಲ್ಲಿ ಮನೆಯ ಸಂಪರ್ಕ 200 ಎಂಬಿಪಿಎಸ್ ಇದ್ದರೂ ಸುರಂಗದಲ್ಲಿ ಸಿಗುವುದು ಅದರ ಸಣ್ಣ ಪಾಲು. ಕೊಳ್ಳುವಾಗ ‘ವೈಫೈ ವೇಗ’ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದನ್ನು ಬಿಟ್ಟು, ‘ವೈರ್‌ಗಾರ್ಡ್ ವೇಗ’ ಎಷ್ಟು ಎಂದು ಕೇಳಬೇಕು.

ಎರಡು, ದೂರ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಮುಂಬೈಗೆ ನೇರ ದೂರ ಸುಮಾರು 840 ಕಿಲೋಮೀಟರ್. ಮುಂಬೈಯಲ್ಲಿರುವ ಸರ್ವರ್‌ಗೆ ಪ್ರಶ್ನೆ ಹೋಗಿ ಉತ್ತರ ಬರಲು ಬೆಳಕಿನ ಓಟಕ್ಕೇ ಕನಿಷ್ಠ 8 ಮಿಲಿಸೆಕೆಂಡ್ ಬೇಕು. ಈಗ ನೀವು ಲಂಡನ್ನಿನ ವಿಪಿಎನ್ ಸರ್ವರ್ ಆರಿಸಿಕೊಂಡಿದ್ದೀರಿ. ಅಲ್ಲಿಗೆ ಸುಮಾರು 8,000 ಕಿಲೋಮೀಟರ್. ಪ್ರಶ್ನೆ ಬೆಂಗಳೂರಿನಿಂದ ಲಂಡನ್ನಿಗೆ ಹೋಗಿ, ಅಲ್ಲಿಂದ ಮುಂಬೈಗೆ ಬಂದು, ಉತ್ತರ ಮತ್ತೆ ಲಂಡನ್ ಸುತ್ತಿ ಬೆಂಗಳೂರಿಗೆ ಬರಬೇಕು. ಒಟ್ಟು 30,000 ಕಿಲೋಮೀಟರ್ ದಾಟುತ್ತದೆ, ಅಂದರೆ ಕನಿಷ್ಠ 150 ಮಿಲಿಸೆಕೆಂಡ್. ಸಮುದ್ರದಡಿಯ ಕೇಬಲ್‌ಗಳು ನೇರವಾಗಿ ಹೋಗದ ಕಾರಣ ನಿಜದಲ್ಲಿ ಇನ್ನೂ ಹೆಚ್ಚು. ಸಿನಿಮಾ ನೋಡುವವರಿಗೆ ಇದು ಅಷ್ಟಾಗಿ ಕಾಣದು. ವಿಡಿಯೋ ಕರೆ ಮಾಡುವವರಿಗೆ, ಆಟ ಆಡುವ ಮಕ್ಕಳಿಗೆ ಚೆನ್ನಾಗಿಯೇ ಕಾಣುತ್ತದೆ.

ಏಜೆಂಟರನ್ನು ನಂಬಬಹುದೇ?

ಈಗ ಬೆಳಗಾವಿಯ ಏಜೆಂಟರ ಕಡೆಗೆ ಬರೋಣ. ಅವರು ಲಕೋಟೆಗಳ ವಿಳಾಸ ಬರೆದಿಟ್ಟುಕೊಂಡು ಮಾರಿದರೆ? ಇದು ಬರೀ ಅನುಮಾನವಲ್ಲ, ನಡೆದದ್ದಿದೆ.

ಫೇಸ್‌ಬುಕ್ 2013ರಲ್ಲಿ ಒನಾವೊ ಎಂಬ ಇಸ್ರೇಲಿ ಕಂಪನಿಯನ್ನು ಕೊಂಡಿತು. ಒನಾವೊ ಪ್ರೊಟೆಕ್ಟ್ ಎಂಬ ಅದರ ಉಚಿತ ವಿಪಿಎನ್ ಆಪ್ ‘ನಿಮ್ಮ ಮಾಹಿತಿಯನ್ನು ಕಾಪಾಡುತ್ತದೆ’ ಎಂದು ಪ್ರಚಾರವಾಯಿತು. ಜನ ಯಾವ ಆಪ್‌ಗಳನ್ನು ಎಷ್ಟು ಹೊತ್ತು ಬಳಸುತ್ತಾರೆ ಎಂಬ ಮಾಹಿತಿ ಅದರ ಮೂಲಕ ಫೇಸ್‌ಬುಕ್‌ಗೆ ಹೋಗುತ್ತಿತ್ತು. ಪ್ರತಿಸ್ಪರ್ಧಿ ಆಪ್‌ಗಳ ಮೇಲೆ ಕಣ್ಣಿಡಲು ಅದು ಒದಗಿತು. 2018ರ ಆಗಸ್ಟ್‌ನಲ್ಲಿ ಅದು ಆಪಲ್‌ನ ಆಪ್ ಸ್ಟೋರ್‌ನಿಂದ ಹೊರಬಿತ್ತು. ಬಳಕೆದಾರರಿಗೆ ಸರಿಯಾಗಿ ತಿಳಿಸಲಿಲ್ಲ ಎಂಬ ಕಾರಣಕ್ಕೆ 2023ರ ಜುಲೈನಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ಮೆಟಾದ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು.

ಇನ್ನೊಂದು ಪ್ರಕರಣ ಇದಕ್ಕಿಂತ ಭಯ ಹುಟ್ಟಿಸುವಂಥದ್ದು. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ‘911 ಎಸ್5’ ಎಂಬ ಜಾಲವನ್ನು ಕೆಡವಿರುವುದಾಗಿ ಪ್ರಕಟಿಸಿತು. ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್‌ನಂಥ ವಿಪಿಎನ್ ತಂತ್ರಾಂಶಗಳನ್ನು ಹಾಕಿಕೊಂಡವರ ಕಂಪ್ಯೂಟರ್‌ಗಳು ಅವರಿಗೆ ತಿಳಿಯದಂತೆ ಈ ಜಾಲಕ್ಕೆ ಸೇರುತ್ತಿದ್ದವು. 1.9 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಅದರಲ್ಲಿದ್ದವು. ಅವನ್ನು ದುಡ್ಡು ಕೊಟ್ಟ ಅಪರಾಧಿಗಳಿಗೆ ಬಾಡಿಗೆಗೆ ಬಿಡಲಾಗುತ್ತಿತ್ತು. ಅಂದರೆ ಎಲ್ಲಿಯೋ ಕುಳಿತವರು ವಂಚನೆ ಮಾಡಿದಾಗ ದಾಖಲೆಯಲ್ಲಿ ಬೀಳುತ್ತಿದ್ದದ್ದು ಈ ಅಮಾಯಕರ ಮನೆಯ ವಿಳಾಸ. ‘ಪೊಲೀಸರಿಗೆ ಗೊತ್ತಾಗದು’ ಎಂದು ಹಾಕಿಕೊಂಡ ಉಚಿತ ವಿಪಿಎನ್, ತಾವು ಮಾಡದ ತಪ್ಪಿಗೆ ಪೊಲೀಸರನ್ನು ಬಾಗಿಲಿಗೆ ಕರೆತರುವಂತಿತ್ತು.

ಉಚಿತ ವಿಪಿಎನ್ ಎಲ್ಲವೂ ಮೋಸ ಎಂದಲ್ಲ. ಆದರೆ ಸರ್ವರ್ ನಡೆಸಲು ಹಣ ಬೇಕು. ಆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಕಂಪನಿಯ ಜಾಲತಾಣದಲ್ಲಿ ನೇರ ಉತ್ತರವಿಲ್ಲದಿದ್ದರೆ ಮನೆಯ ಎಲ್ಲ ಸಾಧನಗಳನ್ನು ಅದರ ಕೈಗೆ ಒಪ್ಪಿಸಬಾರದು. ಒಂದು ಫೋನಿನ ಆಪ್‌ಗಿಂತ ರೂಟರ್‌ನ ವಿಪಿಎನ್ ದೊಡ್ಡ ನಿರ್ಧಾರ. ಅಲ್ಲಿ ಅಜ್ಜಿಯ ಭಜನೆಯ ವಿಡಿಯೋದಿಂದ ಮಗಳ ಪರೀಕ್ಷೆಯ ಅರ್ಜಿಯವರೆಗೆ ಎಲ್ಲವೂ ಒಬ್ಬರ ಕೈ ದಾಟಿಯೇ ಹೋಗುತ್ತದೆ.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಸಾಮಾನ್ಯ ಬಳಕೆಗೆ ವಿಪಿಎನ್ ನಿಷೇಧವಿಲ್ಲ. ಆದರೆ ‘ವಿಪಿಎನ್ ಇದ್ದರೆ ದಾಖಲೆಯೇ ಉಳಿಯದು’ ಎಂಬುದು ತಪ್ಪು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸಿತು. ಅದರ ಪ್ರಕಾರ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ, ಕೊಟ್ಟ ಐಪಿ ವಿಳಾಸ ಮುಂತಾದ ವಿವರಗಳನ್ನು ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕು. ಕಂಪನಿಗಳು ತಮ್ಮ ನೌಕರರಿಗಾಗಿ ನಡೆಸುವ ಆಂತರಿಕ ವಿಪಿಎನ್‌ಗೆ ಇದು ಅನ್ವಯಿಸದು. ಈ ನಿಯಮದ ಬಳಿಕ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಮುಂತಾದವು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು. ಭದ್ರತೆಯ ಕಾರಣಕ್ಕೆ ಜಮ್ಮು-ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಜಿಲ್ಲಾಡಳಿತಗಳು ತಾತ್ಕಾಲಿಕವಾಗಿ ವಿಪಿಎನ್ ಬಳಕೆಯನ್ನೇ ತಡೆದದ್ದೂ ಇದೆ.

ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋದವರು ವಿಶೇಷವಾಗಿ ಎಚ್ಚರ ವಹಿಸಬೇಕು. ಯುಎಇಯಲ್ಲಿ ವಾಟ್ಸ್‌ಆಪ್ ಕರೆಗೆ ತಡೆಯಿರುವುದರಿಂದ ‘ಊರಿನಿಂದ ಈ ರೂಟರ್ ಒಯ್ಯಿರಿ, ಮನೆಯವರ ಜೊತೆ ಉಚಿತವಾಗಿ ಮಾತಾಡಿ’ ಎಂಬ ಸಲಹೆ ಓಡಾಡುತ್ತದೆ. ಅಲ್ಲಿ ಕಚೇರಿ ಕೆಲಸಕ್ಕೆ ವಿಪಿಎನ್ ಬಳಸುವುದು ಮಾಮೂಲು. ಆದರೆ ಅಪರಾಧ ಎಸಗಲು ಅಥವಾ ಅದನ್ನು ಮುಚ್ಚಿಡಲು ಐಪಿ ವಿಳಾಸ ಮರೆಮಾಚಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಾಂವರೆಗೆ ದಂಡ, ಜೈಲು ಶಿಕ್ಷೆ ವಿಧಿಸಲು ಅಲ್ಲಿನ ಸೈಬರ್ ಕಾನೂನಿನಲ್ಲಿ ಅವಕಾಶವಿದೆ. ಅಣ್ಣನಿಗೋ ಮಗನಿಗೋ ಆ ಫಾರ್ವರ್ಡ್ ಕಳಿಸುವ ಮೊದಲು ಇದನ್ನು ನೆನೆಯಿರಿ. ದುಡಿಯಲು ಹೋದವರಿಗೆ ಅಲ್ಲಿ ಅನುಮತಿಯಿರುವ ಕರೆ ಆಪ್‌ಗಳೇ ಕ್ಷೇಮ.

ಫಾರ್ವರ್ಡ್‌ನ ಮಾತುಗಳು ಒಂದೊಂದಾಗಿ

‘ಯಾರೂ ಹ್ಯಾಕ್ ಮಾಡಲಾರರು.’ ಸುರಂಗವು ತನ್ನೊಳಗೆ ಹೋಗುವುದು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುವುದಿಲ್ಲ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲು ವಿಪಿಎನ್ ಮೂಲಕವೂ ಅಷ್ಟೇ ಸಲೀಸಾಗಿ ಫೋನಿಗೆ ಇಳಿಯುತ್ತದೆ. ಅದನ್ನು ತೆರೆದು ಅನುಮತಿ ಕೊಟ್ಟರೆ ನಿಮ್ಮ ಎಸ್ಎಂಎಸ್ ಓದುವ ಕೆಲಸವನ್ನು ಅದು ಫೋನಿನೊಳಗೇ ಮಾಡುತ್ತದೆ.

‘ಬ್ಯಾಂಕ್ ಖಾತೆ ಭದ್ರ.’ ಬ್ಯಾಂಕ್ ಆಪ್‌ನ ಮಾತುಕತೆ ವಿಪಿಎನ್ ಇಲ್ಲದೆಯೂ ಎನ್‌ಕ್ರಿಪ್ಟ್ ಆಗಿರುತ್ತದೆ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರು ದಾರಿಯಲ್ಲಿ ಹೋಗುವ ಡೇಟಾ ಕದಿಯುವುದಿಲ್ಲ. ಅವರು ವಿಡಿಯೋ ಕರೆ ಮಾಡಿ ನಿಮ್ಮ ಕೈಯಿಂದಲೇ ಹಣ ಕಳಿಸಿಕೊಳ್ಳುತ್ತಾರೆ. ಆ ಕರೆಯನ್ನು ಯಾವ ರೂಟರೂ ತಡೆಯದು. ಇನ್ನೊಂದು ಕಡೆ, ಬೇರೆ ದೇಶದ ವಿಳಾಸದಿಂದ ಬಂದಿದ್ದೀರಿ ಎಂದು ಕೆಲವು ಬ್ಯಾಂಕ್ ಮತ್ತು ಯುಪಿಐ ಆಪ್‌ಗಳು ತೆರೆಯದೇ ಹೋಗಬಹುದು. ಬ್ಯಾಂಕ್ ಕೆಲಸ ಮಾಡುವ ಫೋನನ್ನು ಮುಖ್ಯ ವೈಫೈಯಲ್ಲೇ ಬಿಡುವುದು ಸರಳ.

‘ನೀವು ಯಾರೆಂದು ಯಾರಿಗೂ ಗೊತ್ತಾಗದು.’ ನೀವು ಗೂಗಲ್, ಫೇಸ್‌ಬುಕ್‌ಗೆ ಲಾಗಿನ್ ಆಗಿದ್ದರೆ ನೀವೇ ಹೆಸರು ಹೇಳಿ ಒಳಗೆ ಹೋಗಿದ್ದೀರಿ. ಫೋನಿನ ಜಿಪಿಎಸ್‌ಗೆ ವಿಪಿಎನ್ ಸಂಬಂಧವಿಲ್ಲ. ಅನುಮತಿ ಕೊಟ್ಟ ಆಪ್‌ಗೆ ನೀವು ದಾವಣಗೆರೆಯಲ್ಲಿರುವುದು ತಿಳಿದೇ ತಿಳಿಯುತ್ತದೆ, ಸುರಂಗ ಸಿಂಗಪುರದಲ್ಲಿ ಮುಗಿದರೂ ಸರಿ.

ಹಾಗಾದರೆ ಇದು ಯಾರಿಗೆ ಉಪಯುಕ್ತ?

ತಾವು ಯಾವ ತಾಣಗಳಿಗೆ ಹೋಗುತ್ತೇವೆಂಬುದು ಇಂಟರ್ನೆಟ್ ಕಂಪನಿಗೆ ತಿಳಿಯಬಾರದು ಎನ್ನುವವರಿಗೆ, ಅದಕ್ಕಾಗಿ ಇನ್ನೊಂದು ಕಂಪನಿಯನ್ನು ವಿಚಾರಿಸಿ ನಂಬಲು ಸಿದ್ಧರಿರುವವರಿಗೆ ಇದು ಉಪಯುಕ್ತ. ಪಿಜಿ, ಹಾಸ್ಟೆಲ್, ಬಾಡಿಗೆ ಮನೆಗಳಲ್ಲಿ ಮಾಲೀಕರ ವೈಫೈ ಬಳಸುವವರಿಗೆ ಇನ್ನೂ ಹೆಚ್ಚು ಉಪಯುಕ್ತ, ಏಕೆಂದರೆ ಅಲ್ಲಿ ಮುಖ್ಯ ರೂಟರ್ ಯಾರ ಕೈಯಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಕಚೇರಿಯ ಲ್ಯಾಪ್‌ಟಾಪ್ ಇದ್ದವರು ಮಾತ್ರ ಮೊದಲು ಕಚೇರಿಯ ಐಟಿ ವಿಭಾಗವನ್ನು ಕೇಳಬೇಕು.

ತಿರುಗುಮುರುಗಾಗಿಯೂ ಇದನ್ನು ಬಳಸಬಹುದು. ವಿಪಿಎನ್ ಸರ್ವರನ್ನು ನಿಮ್ಮ ಮನೆಯಲ್ಲೇ ಇಟ್ಟು, ಪುಟ್ಟ ರೂಟರನ್ನು ಪ್ರಯಾಣಕ್ಕೆ ಒಯ್ದರೆ, ಹೋಟೆಲ್ ವೈಫೈಯಿಂದ ಹೊರಟ ಡೇಟಾ ಸುರಂಗದಲ್ಲಿ ನಿಮ್ಮ ಮನೆಗೆ ಬಂದು ಅಲ್ಲಿಂದ ಹೊರಡುತ್ತದೆ. ಇಲ್ಲಿ ಏಜೆಂಟರು ನೀವೇ. ಆದರೆ ನಮ್ಮಲ್ಲಿ ಅನೇಕ ಮನೆ ಸಂಪರ್ಕಗಳಿಗೆ ಸ್ವಂತ ಸಾರ್ವಜನಿಕ ವಿಳಾಸ ಇರುವುದಿಲ್ಲ. ನೂರಾರು ಮನೆಗಳು ಒಂದೇ ವಿಳಾಸವನ್ನು ಹಂಚಿಕೊಂಡಿರುತ್ತವೆ. ಹಾಗಿದ್ದರೆ ಹೊರಗಿನಿಂದ ಮನೆಗೆ ನೇರ ಸುರಂಗ ಕೊರೆಯುವುದು ಕಷ್ಟ. ಮೊದಲು ನಿಮ್ಮ ಇಂಟರ್ನೆಟ್ ಕಂಪನಿಯನ್ನು ವಿಚಾರಿಸಿ.

ಉಳಿದವರು ಒಂದು ರೂಪಾಯಿ ಖರ್ಚಿಲ್ಲದೆ ಇಂದೇ ಮಾಡಬಹುದಾದ ಕೆಲಸಗಳಿವೆ. ಮುಖ್ಯ ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. 2016ರಲ್ಲಿ ಜಗತ್ತಿನ ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ನಿಲ್ಲಿಸಿದ ಮಿರಾಯ್ ದಾಳಿಗೆ ಒದಗಿದ್ದು, ಕಾರ್ಖಾನೆಯಲ್ಲಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ ಮತ್ತು ರೂಟರ್‌ಗಳು. ರೂಟರ್‌ನ ತಂತ್ರಾಂಶ ಅಪ್‌ಡೇಟ್ ಮಾಡಿ. ಡಬ್ಲ್ಯೂಪಿಎಸ್ ಆಫ್ ಮಾಡಿ, ವೈಫೈಗೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಆರಿಸಿ. ಆಂಡ್ರಾಯ್ಡ್ 9 ಮತ್ತು ನಂತರದ ಫೋನುಗಳಲ್ಲಿರುವ ‘ಪ್ರೈವೇಟ್ ಡಿಎನ್‌ಎಸ್’ ಆನ್ ಮಾಡಿ. ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯ ಎಪಿಕೆ ಫೈಲುಗಳನ್ನು ತೆರೆಯಬೇಡಿ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳು ಬಹಳ ಮುಖ್ಯ.

ಪುಟ್ಟ ರೂಟರ್ ಒಳ್ಳೆಯ ಸಾಧನ. ಅದು ನಿಮ್ಮ ಕಾಗದಗಳಿಗೆ ಹೊರಗಿನ ಲಕೋಟೆ ಹಾಕುತ್ತದೆ, ಅಷ್ಟೆ. ಮೋಸದ ಕಾಗದ ಬಂದಾಗ ಅದನ್ನು ಓದಿ ನಂಬಬೇಕೋ ಬೇಡವೋ ಎಂಬುದನ್ನು ಮನೆಯವರೇ ತೀರ್ಮಾನಿಸಬೇಕು. ಆ ಫಾರ್ವರ್ಡ್ ಮತ್ತೆ ಬಂದರೆ ಕಳಿಸಿದವರ ಮೇಲೆ ಸಿಟ್ಟು ಬೇಡ, ಒಂದು ಪ್ರಶ್ನೆ ಕೇಳಿ: ‘ಈ ಸುರಂಗದ ಆ ತುದಿಯಲ್ಲಿ ಕುಳಿತವರು ಯಾರು?’ ಉತ್ತರ ಗೊತ್ತಿದ್ದರೆ ಕೊಳ್ಳುವ ಯೋಚನೆ ಮಾಡಬಹುದು. ಗೊತ್ತಿಲ್ಲದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.